ಕೊನೆಯ ಹಾಳೆ ಬರೆಯುತ್ತಿದ್ದ ಮಾಸ್ತರು

ಪುಸ್ತಕಕ್ಕೆ ರಟ್ಟು ಕಟ್ಟುವವನಿಗೆ ಕಥೆ ಕಟ್ಟುವ ಉಸಾಬರಿ ಯಾಕೆ ಬೇಕಿತ್ತು ಹೇಳಿ! ಆದರೆ ನಮ್ಮ ಬೈಂಡಿಂಗ್ ಮಾಸ್ತರಿಗೆ ಅದು ತಾನಾಗಿ ಗಂಟುಬಿತ್ತು. ಅವರ ಬಳಿಗೆ ರಿಪೇರಿಗೆ ಬರುತ್ತಿದ್ದದ್ದೆಲ್ಲ ಬಾಡಿಗೆ ಲೈಬ್ರರಿಯ ಕಣ್ಣೀರಿನ ಕಾದಂಬರಿಗಳು. ನೂರು ಕೈ ದಾಟಿದ ಪುಸ್ತಕದಲ್ಲಿ ಮೊದಲು ಕಿತ್ತುಹೋಗುವುದು ಕೊನೆಯ ಹಾಳೆಗಳೇ. “ಕೊನೆ ಇಲ್ಲದ ಪುಸ್ತಕ ಯಾರೂ ಒಯ್ಯಲ್ಲ ಮಾಸ್ತರೇ, ಏನಾದ್ರೂ ಮಾಡಿ,” ಎಂದು ಲೈಬ್ರರಿಯವನು ಒಂದು ದಿನ ಗೋಗರೆದ. ಮಾಸ್ತರು ತಾವೇ ದುಂಡು ಅಕ್ಷರದಲ್ಲಿ ನಾಲ್ಕು ಪುಟ ಬರೆದು, ಸೇರಿಸಿ ಹೊಲಿದುಬಿಟ್ಟರು. ಬೇರೆ ಪ್ರತಿ ನೋಡಿ ನಕಲು ಮಾಡಿರಬೇಕೆಂದು ಓದುಗರು ತಿಳಿದರು, ಓದಿ ಕಣ್ಣೊರೆಸಿಕೊಂಡರು. ಅಲ್ಲಿಂದ ಮಾಸ್ತರಿಗೆ ರುಚಿ ಹತ್ತಿತು.

ಅವರು ಬರೆದ ಕೊನೆಗಳೆಲ್ಲ ಒಂದೇ ಅಚ್ಚಿನವು. ಹೆಣ್ಣು ಎಲ್ಲವನ್ನೂ ನುಂಗಿಕೊಂಡು ಇರುತ್ತಾಳೆ. ಒಂದು ದಿನ ಗಂಡನ ಮನಸ್ಸು ಕರಗುತ್ತದೆ. ಮಾವನ ಕಾಲು ಹಿಡಿದು ಗೊಳೋ ಎಂದು ಅಳುತ್ತಾನೆ. ಹೆಂಡತಿ ತೀರಿಕೊಂಡ ಮೇಲೆ ಮಾಸ್ತರಿಗೆ ಉಳಿದವಳು ಮಗಳೊಬ್ಬಳೇ. ಸಂಜೆ ಅವಳು ಅಂಟಿನ ಡಬ್ಬಿಯ ಪಕ್ಕ ಕೂತು ಹಾಳೆ ಮಡಿಸುತ್ತಿದ್ದರೆ, ಇವರು ತಮ್ಮ ಕೊನೆಗಳನ್ನು, ಪುಸ್ತಕದಲ್ಲೇ ಇದ್ದವೆಂಬಂತೆ, ರಾಗವಾಗಿ ಓದಿ ಹೇಳುತ್ತಿದ್ದರು. “ಭೂಮಿತೂಕದ ಸಹನೆ ಅಂದ್ರೆ ಇದು ಪುಟ್ಟಿ. ನೀನೂ ಹೀಗಿರ್ಬೇಕು,” ಎನ್ನುತ್ತಿದ್ದರು. ಪುಣ್ಯಾತ್ಮ, ಪ್ರೀತಿಯಿಂದಲೇ ಹೇಳುತ್ತಿದ್ದರು. ಅವಳು ತಲೆಯಾಡಿಸುತ್ತಿದ್ದಳು.

ಮದುವೆಯಾಗಿ ಆರು ವರ್ಷಕ್ಕೆ, ಒಂದು ಮಧ್ಯಾಹ್ನ ಆ ಮಗಳು ಚೀಲ ಹಿಡಿದು ಬಂದಳು. ತುಟಿ ಒಡೆದಿತ್ತು. ಎಡಗಿವಿ ಕೇಳಿಸುತ್ತಿರಲಿಲ್ಲ.

“ಬಾಗಿಲು ತಾಗ್ತು ಅಪ್ಪ.”

“ಬಾಗಿಲಿಗೆ ಐದು ಬೆರಳಿರುತ್ತೇನೇ?” ಮಾಸ್ತರು ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿದರು. “ಇನ್ನು ಆ ಮನೆ ಕಡೆ ತಲೆ ಹಾಕಿಯೂ ಮಲಗ್ಬೇಡ.”

“ನಾಳೆ ಹೋಗ್ತೀನಿ. ಕೊನೆಗೆ ಎಲ್ಲಾ ಸರಿಹೋಗುತ್ತೆ.”

ಆ ಮಾತು ಎಲ್ಲಿಂದ ಬಂತೆಂದು ಮಾಸ್ತರಿಗೆ ಹೊಳೆಯದಿರುತ್ತದೆಯೇ? ತಡವರಿಸುತ್ತಾ ಒಪ್ಪಿಕೊಂಡರು. “ಪುಟ್ಟಿ, ಆ ಕೊನೆಗಳನ್ನ ನಾನೇ ಬರೆದದ್ದು ಕಣೇ. ಆಮೇಲೆ ಒಳ್ಳೇ ಪ್ರತಿ ಸಿಕ್ಕಾಗ ನೋಡ್ದೆ. ಒಂದರಲ್ಲಿ ಅವಳು ಮನೆ ಬಿಟ್ಟು ಹೋಗ್ತಾಳೆ. ಇನ್ನೊಂದರಲ್ಲಿ ಸತ್ತೇ ಹೋಗ್ತಾಳೆ. ನಿನಗೆ ಹೇಳ್ಲಿಲ್ಲ.”

“ಗೊತ್ತು. ಚಿಕ್ಕವಳಿದ್ದಾಗಲೇ ಗೊತ್ತಾಯ್ತು. ನೀನು ಬರೀತಾ ಬರೀತಾ ಅಳ್ತಿದ್ದೆ.” ಅವಳು ಸೀರೆಯ ಅಂಚಿನಿಂದ ತುಟಿ ಒತ್ತಿಕೊಂಡಳು. “ಬರೀ ಪುಸ್ತಕದ ಮಾತಾಗಿದ್ರೆ ಯಾವತ್ತೋ ಬಿಟ್ಟು ಬರ್ತಿದ್ದೆ. ಅದು ನಮ್ಮಪ್ಪನ ಮಾತಲ್ವಾ, ಅದಕ್ಕೇ ನಂಬ್ದೆ.”

ಅಯ್ಯೋ, ಯಾವ ತಂದೆ ಕೇಳಬೇಕು ಇಂಥ ಮಾತನ್ನು! ಮಾಸ್ತರು ಮಗುವಿನಂತೆ ಅತ್ತುಬಿಟ್ಟರು. “ತಪ್ಪು ಬರೆದೆ ಮಗಳೇ. ಅವನು ಬದಲಾಗೋ ಜಾತಿಯಲ್ಲ. ನೀನು ಇಲ್ಲೇ ಇರು.”

“ಬಂದು ಕರೆದ್ರೆ?”

“ಹೊಸಿಲು ತುಳಿಯೋಕೂ ಬಿಡಲ್ಲ.”

“ಆಣೆ?”

“ನಿನ್ನಾಣೆ.”

ಅವಳು ಎರಡು ಸಲ ಬಡಿಸಿಕೊಂಡು ಉಂಡಳು. ಮರುದಿನ ಮಧ್ಯಾಹ್ನದವರೆಗೆ ನಿದ್ದೆ ಹೊಡೆದಳು. ಮೂರನೆಯ ದಿನ ಅವಳು ಮತ್ತೆ ಹಾಳೆ ಮಡಿಸಲು ಕೂತಿದ್ದಾಗ ಲೈಬ್ರರಿಯವನು ಬಂದು, “ಮಾಸ್ತರೇ, ಹೊಸ ಕೆಲಸಗಾರ್ತಿ ನಿಮಗಿಂತ ಚುರುಕು,” ಎಂದಾಗ ನಕ್ಕಳು ಕೂಡ. ಒಡೆದ ತುಟಿ ಉರಿಯಿತೇನೋ, ನಗು ಅರ್ಧಕ್ಕೇ ನಿಂತಿತು.

ನಾಲ್ಕನೆಯ ದಿನ ಬೆಳಿಗ್ಗೆ ಅಳಿಯ ಬಂದ. ಅವನು ಕೂಗಾಡಿಕೊಂಡು ಬಂದಿದ್ದರೆ ಚೆನ್ನಾಗಿತ್ತು. ಅದಕ್ಕೆ ಮಾಸ್ತರು ತಯಾರಾಗಿದ್ದರು, ಕಾಲು ಮುರಿದು ಕಳಿಸುತ್ತಿದ್ದರು. ಆದರೆ ಆ ಮನುಷ್ಯ ಗಡ್ಡ ಬಿಟ್ಟುಕೊಂಡು ಬಂದವನು ದಬಕ್ಕನೆ ಕುಸಿದು ಅವರ ಎರಡೂ ಕಾಲು ಹಿಡಿದುಕೊಂಡ. “ಮಾವ, ತಪ್ಪಾಯ್ತು. ಅವಳಿಲ್ಲದೆ ಮನೆ ಮನೆಯಾಗಿಲ್ಲ.” ನಿಜವಾದ ಕಣ್ಣೀರು, ಬಿಸಿಬಿಸಿಯಾಗಿ ಪಾದದ ಮೇಲೆ ಬಿತ್ತು.

ಈ ದೃಶ್ಯವನ್ನು ಮಾಸ್ತರು ಮೂವತ್ತು ಸಲ ಬರೆದಿದ್ದರು, ಒಮ್ಮೆಯೂ ಕಂಡಿರಲಿಲ್ಲ. ಏನು ಮಾಡುತ್ತಿದ್ದೇನೆಂದು ತಿಳಿಯುವಷ್ಟರಲ್ಲಿ ಬಗ್ಗಿ ಅವನ ಭುಜ ಹಿಡಿದಿದ್ದರು. “ಏಳಿ ಅಳಿಯಂದ್ರೇ, ಏಳಿ. ಗಂಡಸರು ಹೀಗೆ ಅಳಬಾರ್ದು.”

ಹಿಂದೆ ಸದ್ದಾಯಿತು. ಮಗಳು ಚೀಲಕ್ಕೆ ಬಟ್ಟೆ ತುರುಕುತ್ತಿದ್ದಳು.

“ಪುಟ್ಟಿ, ನಾನು ಸುಮ್ನೆ ಅವರನ್ನ ಎಬ್ಬಿಸ್ದೆ ಅಷ್ಟೇ...”

“ಈ ಅಳು ನನಗೆ ಹೊಸದಲ್ಲಪ್ಪ. ಪ್ರತೀ ಸಲ ಹೊಡೆದಾದ ಮೇಲೆ ಹೀಗೇ ಅಳ್ತಾರೆ.” ಅವಳು ಹೊಸಿಲ ಬಳಿ ಚಪ್ಪಲಿ ಮೆಟ್ಟಿಕೊಂಡಳು. “ನಾನು ನಂಬಲಿಲ್ಲ. ಆದ್ರೆ ನೀನು ನಂಬಿಬಿಟ್ಯಲ್ಲ. ಇನ್ನು ಇಲ್ಲಿದ್ದು ಏನು ಮಾಡ್ಲಿ?”

ಹೋಗಬೇಡ ಎನ್ನಲು ಮಾಸ್ತರು ಬಾಯಿ ತೆರೆದರು. ಅವರ ಕೈಗಳೆರಡೂ ಇನ್ನೂ ಅಳಿಯನ ಭುಜದ ಮೇಲೇ ಇದ್ದವು.