ಆವತ್ತಿನ ಬೋಣಿ

ಗಂಡನ ಹೆಣ ಇಟ್ಟುಕೊಂಡು ಬೋಣಿ ಮಾಡಿದವಳು! ಮೊಳಕಾಲ್ಮುರಿನ ಪೇಟೆಬೀದಿ ಸುಬ್ಬರತ್ನಮ್ಮನಿಗೆ ಇಟ್ಟ ಹೆಸರು ಇದು. ಗಡಿಗೆ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚೋಕಾಗುತ್ತಾ?

ಹುಟ್ಟಿದ್ದು ಚಳ್ಳಕೆರೆ. ವೈಶ್ಯರ ಮನೆಯ ವಾಡಿಕೆಯಂತೆ ಸೋದರಮಾವನ ಮಗ ಆದಿಶೇಷಯ್ಯ ಶೆಟ್ಟರಿಗೇ ಕೊಟ್ಟರು. ಮನೆಯೊಳಗೆ ತೆಲುಗು, ಗಲ್ಲಾದ ಮುಂದೆ ಕನ್ನಡ. ಬಂದ ಹೊಸದರಲ್ಲೇ ಶೆಟ್ಟರು ಕಿರಾಣಿ ಅಂಗಡಿಯಲ್ಲಿ ಕೂರಿಸಿ ಪಾಠ ಹೇಳಿದ್ದರು: "ಕಸ ಗುಡಿಸು, ನೀರು ಚಿಮುಕಿಸು, ವಾಸವಮ್ಮನ ಪಟಕ್ಕೆ ದೀಪ ಹಚ್ಚು. ಆಮೇಲೆ ಬರೋ ಮೊದಲ ಗಿರಾಕೀನ ಆ ತಾಯೇ ಕಳಿಸಿರ್ತಾಳೆ. ಆಕಾಶ ಕಳಚಿ ಬಿದ್ರೂ ಬರಿಗೈಲಿ ಕಳಿಸಬೇಡ."

ಶೆಟ್ಟರು ಮಹಾ ಸಿಡುಕ. ತೂಕ ಒಂದು ಗುಂಜಿ ಹೆಚ್ಚಾದರೆ ಕಣ್ಣು ಬಿಡೋರು. ಸಂಜೆಗೆ ಅದೇ ಕೈಯಲ್ಲಿ ಹೆಂಡತಿಗೆ ಮಲ್ಲಿಗೆ ತರೋರು. ಆಕೆಗೆ ಅವರೆಂದರೆ ಪ್ರಾಣ. ಬಾಯಿಬಿಟ್ಟು ಹೇಳಿದವಳಲ್ಲ, ಅಷ್ಟೇ.

ತೊಂಬತ್ತೇಳರ ಚಳಿಗಾಲ. ಶೆಟ್ಟರು ದೀಪ ಹಚ್ಚಿ, ಕಡಲೆಕಾಯಿ ಮೂಟೆಗೆ ಒರಗಿ ಕೂತಿದ್ದರು. ಸುಬ್ಬರತ್ನಮ್ಮ ಕಾಫಿ ತಂದು ಭುಜ ಮುಟ್ಟಿದಳು. ಕತ್ತು ವಾಲಿತು. ಮೂಗಿಗೆ ಬೆರಳಿಟ್ಟು ನೋಡಿದಳು. ಉಸಿರಿಲ್ಲ.

ಅಷ್ಟರಲ್ಲಿ ಹೊರಗಿಂದ ದನಿ. ದೇವಸಮುದ್ರದಿಂದ ಮೊದಲ ಬಸ್ಸಿಗೆ ಬಂದಿದ್ದ ಕುರಿಯೋರ ಯರ್ರಮ್ಮ ಏನೋ ಕೇಳಿದಳು. ಸುಬ್ಬರತ್ನಮ್ಮ ಕಾಫಿ ಲೋಟ ಕೆಳಗಿಟ್ಟಳು. ಗಂಡನ ಟವಲು ಎದೆತನಕ ಎಳೆದಳು. ಎದ್ದು ಬಂದು ತೂಗಿ, ಪೇಪರಿನಲ್ಲಿ ಕಟ್ಟಿಕೊಟ್ಟಳು. ದುಡ್ಡು ಕಣ್ಣಿಗೊತ್ತಿಕೊಂಡು ಗಲ್ಲಾಕ್ಕೆ ಹಾಕಿ, ಆಮೇಲೆ ಹೇಳಿದಳು: "ಶೆಟ್ರು ಹೋಗಿಬಿಟ್ರು ಕಣಮ್ಮಾ."

ಪಕ್ಕದ ಎಸ್‌ಟಿಡಿ ಬೂತಿನವನು ಎಲ್ಲ ನೋಡಿದ್ದ. ಮಧ್ಯಾಹ್ನದೊಳಗೆ ಊರೇ ಆಡಿಕೊಂಡಿತು. ಹೆಣ ಎತ್ತುವಾಗಲೂ ಆಕೆ ಅಳಲಿಲ್ಲ. ಓರಗಿತ್ತಿಯರು ತಬ್ಬಿಕೊಂಡು ಗೋಳಾಡಿ ಅಳಿಸೋಕೆ ನೋಡಿದರು. ಊಹೂಂ. ಚಳ್ಳಕೆರೆಗೆ ಕೊಟ್ಟಿದ್ದ ಮಗಳು ಸೌಂದರ್ಯ ಮಾತ್ರ ನೇರವಾಗಿ ಕೇಳಿದಳು: "ಅಮ್ಮಾ, ಅಪ್ಪ ನಿನಗೆ ಬೇಕಾಗಿರಲಿಲ್ವಾ?" ಹಾಗೆ ಕೇಳಿ ಹೋದವಳು ಫೋನು ಮಾಡೋದನ್ನೂ ಬಿಟ್ಟಳು.

ಸುಬ್ಬರತ್ನಮ್ಮನಿಗೂ ಅದೇ ಪ್ರಶ್ನೆ. ಆವತ್ತು ತಕ್ಕಡಿ ಮುಳ್ಳು ಅಲ್ಲಾಡದ ಹಾಗೆ ತೂಗಿದೆನಲ್ಲ, ನನ್ನ ಎದೇಲಿ ಇರೋದೇನು, ಕಲ್ಲಾ? ಸೂತಕ ಕಳೆದ ಮೇಲೆ ಅಂಗಡಿ ತೆಗೆದಳು. ಗಂಡ ಸತ್ತವಳ ಕೈಬೋಣಿ ಯಾರಿಗೆ ಬೇಕು? ಎದುರಂಗಡಿಯಲ್ಲಿ ವ್ಯಾಪಾರ ಶುರುವಾದ ಮೇಲಷ್ಟೇ ಇತ್ತ ಜನ ತಲೆ ಹಾಕೋರು. ಆಕೆಗೆ ಬೇಜಾರೂ ಆಗಲಿಲ್ಲ. ಉಂಡಳು, ತೂಗಿದಳು, ಮಲಗಿದಳು. ಅನ್ನಕ್ಕೆ ಉಪ್ಪಿದೆಯೋ ಇಲ್ಲವೋ, ಅದೂ ತಿಳೀತಿರಲಿಲ್ಲ.

ವರ್ಷದ ತಿಥಿಗೆ ಸೌಂದರ್ಯ ಬಂದಳು. ಬರಬೇಕಿತ್ತು, ಬಂದಳು, ಅಮ್ಮನ ಮುಖ ನೋಡಲಿಲ್ಲ. ಮರುದಿನ ಬೆಳಿಗ್ಗೆ ಸುಬ್ಬರತ್ನಮ್ಮ ವಾಸವಮ್ಮನಿಗೆ ದೀಪ ಹಚ್ಚಿ ಕೂತಿದ್ದಳು. ಮಗಳು ಒಳಬಾಗಿಲ ಹತ್ತಿರ ಹೂವು ಕಟ್ಟುತ್ತಿದ್ದಳು. ಎದುರಂಗಡಿ ಇನ್ನೂ ತೆಗೆದಿರಲಿಲ್ಲ. ಮೆಟ್ಟಿಲ ಮೇಲೆ ಯರ್ರಮ್ಮ!

"ಕುರಿ ಹೊಡ್ಕಂಡು ದೂರ ಹೋಗಿದ್ವಿ ಅಮ್ಮೋರೆ, ಅದ್ಕೇ ಬರಾಕಾಗ್ಲಿಲ್ಲ. ಕಾಲು ಕೇಜಿ ಬೆಲ್ಲ ಕೊಡ್ರಿ."

"ಬೋಣಿ ಆಗಿಲ್ಲ ಕಣಮ್ಮಾ. ಬೇರೆ ಕಡೆ ನೋಡ್ಕೊ."

"ಅಯ್ಯ, ಆವತ್ತೂ ಬೋಣಿ ನಂದೇ ಅಲ್ವಾ? ಬೆಲ್ಲ ಕೇಳಿದ್ದೆ. ಬಸ್ನಾಗೆ ಬಿಚ್ಚಿ ನೋಡ್ತೀನಿ, ಕಲ್ಲುಪ್ಪು!"

ಸುಬ್ಬರತ್ನಮ್ಮ ಬೆಲ್ಲದ ಡಬ್ಬಿಯ ಮುಚ್ಚಳ ತೆಗೆದಳು. "ಉಪ್ಪಾ?"

"ಹೂಂ. ಅರ್ಧ ನೆಲಕ್ಕೇ ಚೆಲ್ಲಿತ್ತು. ಏನ್ ನಡುಗ್ತಿತ್ತು ಅಂತೀರಿ ನಿಮ್ಮ ಕೈ, ತಕ್ಕಡಿ ನಿಂತ್ರೆ ತಾನೇ! ಜ್ವರ ಬಂದೈತೇನೋ ಅಂದ್ಕಂಡೆ. ಆಮ್ಯಾಕೆ ನೀವು ಹಂಗಂದ್ರಿ... ಸತ್ತ ಮನೆಗೆ ಉಪ್ಪು ವಾಪಸ್ ತರಕಾಗುತ್ತಾ? ಸುಮ್ಕಿದ್ದೆ."

"ನನ್ನ ಕೈ ನಡುಗ್ತಿತ್ತಾ?"

"ಈಗ್ಲೂ ನಡುಗ್ತೈತೆ, ನೋಡ್ಕಳ್ರಿ."

ನೋಡಿಕೊಂಡಳು. ಬೆಲ್ಲದ ಡಬ್ಬಿಗೆ ಹಾಕಿದ ಕೈ ಮೇಲೇಳಲಿಲ್ಲ. ಹೂವು ಅಲ್ಲೇ ಬಿಟ್ಟು ಓಡಿಬಂದ ಸೌಂದರ್ಯ ಆ ಕೈ ಹಿಡಿದುಕೊಂಡಳು. "ಕೂತ್ಕೊ ಅಮ್ಮಾ, ಬೆಲ್ಲ ನಾನು ತೂಗ್ತೀನಿ. ಬರಿಗೈಲಿ ಕಳಿಸಬಾರದು."

ಸುಬ್ಬರತ್ನಮ್ಮ ಕಡಲೆಕಾಯಿ ಮೂಟೆಗೆ ಒರಗಿ ಕೂತಳು. ಶೆಟ್ಟರು ಒರಗಿದ್ದ ಜಾಗ. ಟವಲಿಗಾಗಿ ತಡಕುವ ಹಾಗೆ ಪಕ್ಕದಲ್ಲಿ ಕೈಯಾಡಿಸಿದಳು. ಆಮೇಲೆ ಬೀದಿಗೆಲ್ಲ ಕೇಳುವ ಹಾಗೆ ಅತ್ತಳು.