ಆಯಿ ಚಾವಡಿಗೆ ಹೋದ ದಿನ

ಹೋದ ಬೇಸಿಗೆಯಲ್ಲಿ ವಿಜಾಪುರದ ಜಲನಗರದ ನಮ್ಮ ಮನೆಯ ಪಕ್ಕದ ಖಾಲಿ ಜಾಗದಲ್ಲಿ ಬೋರ್ ಕೊರೆಯುವ ಲಾರಿ ಬಂದು ನಿಂತಿತು. ಸದ್ದು ತಾಳದೆ ಕಿಟಕಿ ಮುಚ್ಚಲು ಎದ್ದವಳು ಮುಚ್ಚದೆ ಹಾಗೆಯೇ ನಿಂತುಬಿಟ್ಟೆ. ನೆಲದಾಳದಿಂದ ಏಳುತ್ತಿದ್ದ ಬಿಸಿ ಕಲ್ಲುಪುಡಿಯ ವಾಸನೆ, ಅದರ ಬೆನ್ನಿಗೇ ಹಸಿ ಮಣ್ಣಿನ ತಂಪು. ಆ ವಾಸನೆ ನನ್ನ ಮೂಗಿಗೆ ಮೊದಲು ಬಡಿದದ್ದು ಎಪ್ಪತ್ತರ ದಶಕದಲ್ಲಿ, ಟಿಕೋಟಾದಿಂದ ಕಳ್ಳಕವಟಗಿ ಕಡೆ ಹೋಗುವ ದಾರಿಯಲ್ಲಿದ್ದ ನನ್ನ ಆಯಿಯ ಊರಲ್ಲಿ. ಆಯಿ ಅಂದರೆ ನನ್ನ ತಾಯಿಯ ತಾಯಿ. ನಾನು ಸಾಲಿ ಕಲಿತದ್ದು ಅವಳ ಮನೆಯಲ್ಲಿದ್ದುಕೊಂಡೇ. ನಿಮಗೂ ಅಂಥದೊಂದು ಮನೆ ಇದ್ದಿರಬಹುದು. ಈಗ ಹೋದರೆ ಗೋಡೆಯ ಗುರುತೂ ಸಿಗದ, ಕಣ್ಣು ಮುಚ್ಚಿದರೆ ಮಾತ್ರ ಬಾಗಿಲು ತೆರೆಯುವ ಮನೆ.

ಮಣ್ಣಿನ ಮಾಳಿಗೆಯ ಮನೆ ಅದು. ಒಳಗೆ ಕಾಲಿಟ್ಟರೆ ಎಡಕ್ಕೆ ದನ ಕಟ್ಟುವ ಜಾಗ, ಎರಡು ಮೆಟ್ಟಿಲು ಹತ್ತಿದರೆ ಪಡಸಾಲೆ. ಸಗಣಿ, ಒಣಗಿದ ಜೋಳದ ಕಣಿಕೆ, ಒಲೆಯ ಮೇಲಿನ ಪುಂಡಿಪಲ್ಯ ಎಲ್ಲ ಕೂಡಿದ ಒಂದು ಬೆಚ್ಚನೆಯ ವಾಸನೆ ಸದಾ ಅಲ್ಲಿರುತ್ತಿತ್ತು. ಆಯಿಯ ಗಂಡ, ನಮ್ಮ ಮುತ್ಯಾ ಸಿದ್ದಪ್ಪನ ಹತ್ತಿರ ಇದ್ದದ್ದು ಒಂದೇ ಎತ್ತು. ಕೆಳಗಿನ ಓಣಿಯ ಲಾಡ್ಲೇಸಾಬನ ಹತ್ತಿರವೂ ಒಂದೇ. ಇಬ್ಬರೂ ಎತ್ತು ಜೋಡಿ ಮಾಡಿ ಇಬ್ಬರ ಹೊಲವನ್ನೂ ಬಿತ್ತುತ್ತಿದ್ದರು. ಸಂಜೆ ಲಾಡ್ಲೆಕಾಕಾ ನಮ್ಮ ಕಟ್ಟೆಗೆ ಬಂದು ಕೂತರೆ, ಮುತ್ಯಾ ಎಲೆ ಅಡಿಕೆಯ ಚಂಚಿಯನ್ನು ಅವನ ಕಡೆ ಸರಿಸುತ್ತಿದ್ದ.

ಹೀಗಿರುವಾಗ ಊರಿಗೊಂದು ಸುದ್ದಿ ಬಂತು. ಯಾವುದೋ ಪರದೇಶದವರು ಸರ್ಕಾರಕ್ಕೆ ಬೋರ್ ಕೊರೆಯುವ ಯಂತ್ರ ಕೊಟ್ಟಿದ್ದಾರೆ, ನಮ್ಮೂರಿಗೂ ಒಂದು ಬೋರು ಸಿಕ್ಕಿದೆ, ಜಾಗ ತೋರಿಸಿರಿ ಎಂದು. ನಮ್ಮ ಮೇಲಿನ ಓಣಿಯವರು ಹಣಮಪ್ಪನ ಗುಡಿಯ ಮುಂದೆ ಅಂದರು. ಕೆಳಗಿನ ಓಣಿಯವರು ಮಸೂತಿಯ ಆಚೆ ಬಯಲಲ್ಲಿ, ಬೇವಿನ ಮರದ ಹತ್ತಿರ ಅಂದರು. ಮೊದಲು ಮಾತಾಯಿತು, ಆಮೇಲೆ ಬೈಗುಳ. ಒಂದು ಮುಂಜಾನೆ ಹಳೆಯ ಬಾವಿಯ ಹತ್ತಿರ ಯಾರದೋ ಕೊಡ ಒಡೆಯಿತು, ಯಾರದೋ ಹಣೆಯೂ ಒಡೆಯಿತು. ಅಂದಿನಿಂದ ಎರಡೂ ಓಣಿಯ ಹುಡುಗರು ಬಡಿಗೆ ಹಿಡಿದೇ ತಿರುಗಾಡತೊಡಗಿದರು. ಲಾಡ್ಲೆಕಾಕಾ ನಮ್ಮ ಕಟ್ಟೆಗೆ ಬರುವುದನ್ನು ಬಿಟ್ಟ. ಹಿಂಗಾರಿ ಜೋಳ ಬಿತ್ತುವ ಹದ ಬಂದಿತ್ತು. ನಮ್ಮ ಎತ್ತು ಗೂಟದಲ್ಲಿ ಒಂಟಿಯಾಗಿ ನಿಂತಿತ್ತು, ಅವನ ಎತ್ತು ಅವನ ಅಂಗಳದಲ್ಲಿ.

ನಮ್ಮ ಆಯಿ ಪಂಚಾಯತಿಯ ಮೆಂಬರ್. ಹೆಂಗಸರಿಗೆಂದು ಇಟ್ಟ ಜಾಗಕ್ಕೆ ಬೇರೆ ಯಾರೂ ಸಿಗಲಿಲ್ಲವೆಂದು ಅವಳ ಹೆಸರು ಬರೆದಿದ್ದರು. ಪಂಚಾಯತಿಯ ಸಿಪಾಯಿ ಮನೆಗೇ ಬಂದು ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗುತ್ತಿದ್ದ. ಆ ಸಲವೂ ಬಂದ. ಆಯಿ ರೊಟ್ಟಿ ಬಡಿಯುತ್ತಿದ್ದ ಕೈ ತೊಳೆದುಕೊಂಡು, "ಮೀಟಿಂಗ್ ಎಲ್ಲೈತಿ? ಅಲ್ಲೇ ಬಂದು ಒತ್ತತೀನಿ ನಡಿ" ಅಂದಳು. ಮುತ್ಯಾ ಬಾಯಿ ತೆರೆಯುವಷ್ಟರಲ್ಲಿ ಸೆರಗು ಹೊದ್ದು, ನನ್ನ ಕೈ ಹಿಡಿದು ಹೊರಟೇಬಿಟ್ಟಿದ್ದಳು.

ಚಾವಡಿ ತುಂಬಿತ್ತು. ಚೇರಮನ್ನರು ಒಂದು ಕಡೆ ಕೂಗಿದರೆ ಜನ ಇನ್ನೊಂದು ಕಡೆ ಕೂಗುತ್ತಿದ್ದರು. ಆಯಿ ಕಂಬದ ಹತ್ತಿರ ನಿಂತು, ಸೆರಗಿನ ಮರೆಯಿಂದಲೇ ಮಾತಾಡಿದಳು.

"ಕೊಡಾ ಹೊರಾವ್ರು ನಾವು, ಜಾಗಾ ಆರಿಸಾವ್ರು ನೀವು. ಇದ್ಯಾವ ನ್ಯಾಯಾರಿ? ನೀರು ತರೂ ಹೆಂಗಸೂರನ್ನ ಕೇಳ್ರಿ. ಅವ್ರು ಎಲ್ಲಿ ಅಂತಾರ ಅಲ್ಲೇ ಆಗ್ಲಿ."

ಕೆಲವರು ನಕ್ಕರು. ಆದರೆ ತಲೆ ಒಡೆದಾಡುವುದಕ್ಕಿಂತ ಇದೇ ವಾಸಿ ಎಂದು ಚೇರಮನ್ನರಿಗೆ ಅನ್ನಿಸಿರಬೇಕು. ಒಪ್ಪಿದರು. ತಮ್ಮ ಮನೆಯ ಹೆಂಗಸರು ತಮ್ಮ ಮಾತೇ ಆಡುತ್ತಾರೆಂಬ ಭರವಸೆಯಲ್ಲಿ ಎರಡೂ ಓಣಿಯ ಗಂಡಸರು ಒಪ್ಪಿದರು.

ಮರುದಿನ ನಮ್ಮ ಪಡಸಾಲೆಯಲ್ಲಿ ಕಂಬಳಿ ಕಟ್ಟಿ ಮರೆ ಮಾಡಿದರು. ಅದರ ಹಿಂದೆ ಎರಡು ಗಡಿಗೆ. ಸುಣ್ಣದ ಪಟ್ಟಿ ಬಳಿದದ್ದು ಗುಡಿಯದು, ಬೇವಿನ ಟೊಂಗೆ ಕಟ್ಟಿದ್ದು ಬಯಲಿನದು. ಬಂದವರ ಕೈಗೆ ಒಂದೊಂದು ಕಡಲೆಕಾಳು ಕೊಡುವ ಕೆಲಸ ನನಗೆ. ಯಾರು ಯಾವುದಕ್ಕೆ ಹಾಕಿದರೆಂದು ಯಾರೂ ಕೇಳಬಾರದೆಂಬುದು ಕರಾರು. ಲಾಡ್ಲೆಕಾಕಾನ ಹೆಂಡತಿ ಹುಸೇನಬಿ ತನ್ನ ಓಣಿಯವರನ್ನೆಲ್ಲ ಕರೆತಂದಳು. ಊರ ಹೊರಗಿನ ಕೇರಿಯ ಹೆಂಗಸರು ಅಂಗಳದಲ್ಲೇ ನಿಂತಾಗ ಆಯಿ, "ನಿಮ್ಮ ಮನಿಗೆ ನೀರು ಬ್ಯಾಡೇನು? ಒಳಗ ಬರ್ರಿ" ಅಂದಳು. ಅವರು ನಮ್ಮ ಮೆಟ್ಟಿಲು ಹತ್ತಿದ್ದು ಅದೇ ಮೊದಲು.

ಎಣಿಸಿದಾಗ ಬೇವಿನ ಟೊಂಗೆಯ ಗಡಿಗೆಯೇ ತುಂಬಿತ್ತು. ಕೆಳಗಿನ ಓಣಿಯಲ್ಲಿ ಅಷ್ಟು ಹೆಂಗಸರೇ ಇರಲಿಲ್ಲ! ಮೇಲಿನ ಓಣಿಯ ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗುಡಿಯ ಮುಂದೆ ಬೋರಾದರೆ, ಕಟ್ಟೆಯ ಮೇಲೆ ದಿನವಿಡೀ ಕೂತ ಹಿರಿಯರ ಮುಂದೆ ಚಪ್ಪಲಿ ಕಳಚಿ, ತಲೆ ತಗ್ಗಿಸಿ ಹಾಯಬೇಕು. ತಿಂಗಳ ಆ ದಿನಗಳಲ್ಲಿ ಅತ್ತ ಸುಳಿಯುವಂತೆಯೇ ಇಲ್ಲ. ಹೊರಗಿನ ಕೇರಿಯವರಿಗಂತೂ ಯಾವ ದಿನವೂ ಇಲ್ಲ. ಇದು ಗಂಡಸರಿಗೆ ಹೊಳೆದಿರಲಿಲ್ಲ. ನನಗೂ ತಿಳಿದದ್ದು ದೊಡ್ಡವಳಾದ ಮೇಲೆ.

"ನಮ್ಮ ಮನ್ಯಾಗಿನ ಕಾಳು ಯಾ ಗಡಗಿಗಿ ಬಿತ್ತು?" ಎಂದು ಮುತ್ಯಾ ಊಟಕ್ಕೆ ಕೂತಾಗ ಕೇಳಿದ.

"ಕೇಳಂಗಿಲ್ಲ ಅಂತ ನೀವ ಒಪ್ಪೀರಲ್ಲ" ಎಂದು ಆಯಿ ಇನ್ನೊಂದು ರೊಟ್ಟಿ ಹಾಕಿದಳು.

ಮುತ್ಯಾ ಬಿಗಿದ ಮುಖ ಸಡಿಲಿಸಲಿಲ್ಲ. ಆದರೆ ಬೆಳಕು ಹರಿಯುವಾಗ ಅಂಗಳದಲ್ಲಿ ಗಂಟೆಯ ಸದ್ದಾಯಿತು. ಲಾಡ್ಲೆಕಾಕಾ ತನ್ನ ಎತ್ತು ಹಿಡಿದುಕೊಂಡು ನಿಂತಿದ್ದ. "ಹದಾ ಹೊಂಟೈತಿ ಸಿದ್ದಪ್ಪಣ್ಣಾ. ಎತ್ತಿಗೇನು ಪಾರ್ಟಿ ಐತೇನು?" ಅಂದ. ಸ್ವಲ್ಪ ತಡೆದು, "ಬೋರಿಗೆ ಕಾಯಿ ಮಾತ್ರ ನೀನ ಒಡೀಬೇಕು. ನಮ್ಮ ಓಣ್ಯಾವ್ರು ಎಲ್ಲಾರೂ ಅಂದಾರ" ಅಂದ. ಮುತ್ಯಾ ಒಳಗೆ ಹೋಗಿ ನಮ್ಮ ಎತ್ತಿನ ಹಗ್ಗ ಬಿಚ್ಚಿದ. ಆ ವರ್ಷ ಮೊದಲು ಬಿತ್ತಿದ್ದು ಲಾಡ್ಲೆಕಾಕಾನ ಹೊಲವನ್ನು.

ಯಂತ್ರ ಬಂದು, ಕಲ್ಲಿನ ಪುಡಿ ಹಾರಿ, ನೀರು ಚಿಮ್ಮಿದಾಗ ಎರಡೂ ಓಣಿ ಬಯಲಲ್ಲಿ ತೊಯ್ದು ನಿಂತಿದ್ದವು. ಮುತ್ಯಾ ಕಾಯಿ ಒಡೆದ, ಕೆಳಗಿನ ಓಣಿಯವರು ಸಕ್ಕರೆಗೆ ಫಾತಿಹಾ ಓದಿಸಿ ಹಂಚಿದರು. ಯಂತ್ರ ಕೊಟ್ಟ ದೇಶದ ಹೆಸರನ್ನು ಡ್ರೈವರ್ ಹೇಳಿದ. ಯಾರ ನಾಲಿಗೆಗೂ ಅದು ಹೊರಳಲಿಲ್ಲ. "ಯಾವ ತಾಯಿ ಹಡದ ಮಕ್ಕಳೋ, ತಣ್ಣಗಿರ್ಲಿ" ಅಂದಳು ಆಯಿ.

ಅಲ್ಲಿಂದ ಮುಂದೆ ಆಯಿ ಒಂದು ಮೀಟಿಂಗನ್ನೂ ತಪ್ಪಿಸಲಿಲ್ಲ. ಅವಳು ಚಾವಡಿಗೆ ಹೋದ ಮಧ್ಯಾಹ್ನ ಮುತ್ಯಾ ತಾನೇ ಚಹಾ ಕಾಸಿ, ಬೆಲ್ಲ ಹೆಚ್ಚು ಹಾಕಿ, ನನಗೂ ಲಾಡ್ಲೆಕಾಕಾನಿಗೂ ಕೊಡುತ್ತಿದ್ದ. ಎಷ್ಟು ಸುಖದ ದಿನಗಳು ಅವು! ಸುಖವೆಂದು ಆಗ ಗೊತ್ತಿರಲಿಲ್ಲ, ಅಷ್ಟೇ.

ನಾನು ಹೈಸ್ಕೂಲಿಗೆ ವಿಜಾಪುರಕ್ಕೆ ಬಂದ ಮೇಲೆ ಒಂದು ಚಳಿಗಾಲ ಆಯಿ ತೀರಿಕೊಂಡಳು. ಮಣ್ಣು ಮಾಡಲು ಎರಡೂ ಓಣಿಯವರು ಬಂದಿದ್ದರು. ಸಾವಿನ ಮನೆ, ಒಲೆ ಹಚ್ಚುವಂತಿರಲಿಲ್ಲ. ಹೊತ್ತು ಮುಳುಗುವಾಗ ಹುಸೇನಬಿ ಬುಟ್ಟಿ ಹೊತ್ತು ಬಂದು ಪಡಸಾಲೆಯಲ್ಲಿ ಇಳಿಸಿದಳು. ಬಿಳಿ ಅರಿವೆ ಸರಿಸಿದರೆ ಜೋಳದ ರೊಟ್ಟಿ, ಕಡಲೆಹಿಟ್ಟಿನ ಜುಣಕ. ಅಷ್ಟು ವರ್ಷ ಎತ್ತು ಕೂಡಿತ್ತು, ನೀರೂ ಕೂಡಿತ್ತು. ಒಲೆ ಮಾತ್ರ ಬೇರೆಬೇರೆಯೇ ಇತ್ತು, ಅವರ ಮನೆಯಲ್ಲಿ ಬೆಂದದ್ದನ್ನು ನಾವು ಉಂಡಿರಲಿಲ್ಲ. ಬಂಧುಗಳು ಯಾರೂ ಬುಟ್ಟಿಗೆ ಕೈ ಹಾಕಲಿಲ್ಲ. ಮುತ್ಯಾ ಗೋಡೆ ಬಿಟ್ಟು ಮುಂದೆ ಸರಿದು ಒಂದು ರೊಟ್ಟಿ ತೆಗೆದುಕೊಂಡ, ಅರ್ಧ ಮುರಿದು ನನ್ನ ಕೈಗಿಟ್ಟ. "ಉಣ್ಣವ್ವಾ," ಅಂದ. ರೊಟ್ಟಿ ಇನ್ನೂ ಬಿಸಿಯಾಗಿತ್ತು.