ಬಾಲ್ಕನಿ ಬಾಗಿಲಿಗೆ ಬೀಗ ಇರಲಿಲ್ಲ

ವಿಮಲಾ, ಚಳಿ ಸಮುದ್ರದಲ್ಲಿ ಹಡಗಿನವರು ಬಾಲ್ಕನಿ ಬಾಗಿಲಿಗೆ ಬೀಗ ಹಾಕಿಬಿಡುತ್ತಾರೆ ಎಂದು ಟ್ರಾವೆಲ್ಸ್ ಆಫೀಸಿನ ಹುಡುಗಿ ಹೇಳಿರಲಿಲ್ಲ. ಹೇಳಿದವಳು ನಾನು. ಅವಳ ಹೆಸರು ಹೇಳಿ ನಾನೇ ಕಟ್ಟಿದ ಸುಳ್ಳು ಅದು.

ಇಷ್ಟನ್ನು ನಿನ್ನೆದುರು ಹೇಳಬೇಕೆಂದು ಒಂದು ವರ್ಷದಿಂದ ಎಷ್ಟು ಸಲ ಬಾಯಿ ತೆರೆದಿದ್ದೇನೋ — ತೆರೆದು, ಕಾಫಿಗೆ ಸಕ್ಕರೆ ಸಾಕಾ ಎಂದು ಕೇಳಿ, ಮತ್ತೆ ಮುಚ್ಚಿದ್ದೇನೆ. ನಿನ್ನೆ ನಿನ್ನ ಫೋನ್ ಬಂದ ಮೇಲೆ ಇನ್ನು ಮುಚ್ಚಿಡಲು ಆಗುತ್ತಿಲ್ಲ. ಆ ಫೋನಿನ ವಿಷಯಕ್ಕೆ ಆಮೇಲೆ ಬರುತ್ತೇನೆ. ನಿನಗೆ ಗೊತ್ತಿರುವುದನ್ನೂ ಇಲ್ಲಿ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಗೊತ್ತಿರುವುದರ ಪಕ್ಕದಲ್ಲಿಟ್ಟರೆ ಮಾತ್ರ ನಾನು ಮಾಡಿದ್ದು ಎಷ್ಟು ಸಣ್ಣತನವೆಂದು ಕಾಣುತ್ತದೆ.

ಪೀಣ್ಯದ ಆ ಕಾರ್ಖಾನೆಯ ಅಳತೆ ಕೋಣೆಯಲ್ಲಿ ನಾವಿಬ್ಬರೂ ಇಪ್ಪತ್ತೆಂಟು ವರ್ಷ ಎದುರುಬದುರು ಕೂತವರು. ಆ ಕೋಣೆಗೆ ಕಿಟಕಿಯೇ ಇರಲಿಲ್ಲ. ನಾವು ಅಳೆಯುವ ಉಕ್ಕಿನ ಬಿಡಿಭಾಗ ಬಿಸಿಗೆ ಹಿಗ್ಗುತ್ತದೆ, ಅಳತೆ ತಪ್ಪುತ್ತದೆ ಎಂದು ವರ್ಷವಿಡೀ ಇಪ್ಪತ್ತು ಡಿಗ್ರಿ. ನಮ್ಮ ಕೈಯ ಬಿಸಿಯೂ ತಾಗಬಾರದೆಂದು ಬಿಳಿ ಗ್ಲೌಸು. ಏಪ್ರಿಲ್‌ನಲ್ಲಿ ಹೊರಗೆ ರಸ್ತೆ ಕಾದು ಹೆಂಚಾಗಿದ್ದಾಗಲೂ ನಾವು ಸ್ವೆಟರ್ ಹಾಕಿಕೊಂಡು ಕೂತಿರುತ್ತಿದ್ದೆವು. ಮಳೆ ಬಂದು ನಿಂತದ್ದು ನಮಗೆ ತಿಳಿಯುತ್ತಿದ್ದುದು ಊಟಕ್ಕೆ ಹೊರಬಂದು ಒದ್ದೆ ನೆಲ ನೋಡಿದಾಗ. ನನಗಾದರೂ ಮನೆಯಲ್ಲಿ ಒಂದು ಟೆರೇಸ್ ಇತ್ತು. ನಿನ್ನ ಮಾಕಳಿಯ ಮನೆಯಲ್ಲಿ ಕಿಟಕಿ ತೆಗೆದರೆ ಪಕ್ಕದ ಕಟ್ಟಡದ ಗೋಡೆ, ಕೈ ಚಾಚಿದರೆ ಸುಣ್ಣ ಅಂಟುವಷ್ಟು ಹತ್ತಿರ. ಅಮ್ಮನನ್ನು ನೋಡಿಕೊಳ್ಳುತ್ತಾ ನೀನು ಅಲ್ಲೇ ಉಳಿದೆ. ಅಮ್ಮ ಹೋದ ಮೇಲೂ ಅಲ್ಲೇ ಒಬ್ಬಳೇ ಇದ್ದೆ.

ನಮ್ಮ ಕೆಲಸಕ್ಕೆ ಒಂದು ನಿಯಮವಿತ್ತು. ಒಬ್ಬರು ಅಳೆದದ್ದನ್ನು ಇನ್ನೊಬ್ಬರು ಮತ್ತೆ ಅಳೆಯಬೇಕು, ಮೊದಲಿನವರು ಬರೆದದ್ದನ್ನು ನೋಡದೆ. ಅದಕ್ಕೆ ಸೆಕೆಂಡ್ ರೀಡಿಂಗ್ ಎನ್ನುತ್ತಿದ್ದೆವು. ಎರಡೂ ಹೊಂದಿದರೆ ಮಾತ್ರ ರಿಪೋರ್ಟಿಗೆ ಎರಡು ಸಹಿ. ಬೇರೆಯವರ ಅಳತೆಯಾದರೆ ನೀನು ಬಿಡುತ್ತಲೇ ಇರಲಿಲ್ಲ, ಮ್ಯಾನೇಜರ್ ತಲೆಯ ಮೇಲೆ ನಿಂತು ಕೂಗಾಡಿದರೂ ಮತ್ತೆ ಅಳೆದೇ ಸಹಿ. ನನ್ನದಾದರೆ ಮಾತ್ರ, "ನೀನು ನೋಡಿದ್ದೀಯಲ್ಲ, ಬಿಡೇ," ಎಂದು ಪೆನ್ನು ತೆಗೆಯುತ್ತಿದ್ದೆ. ನಿಯಮ ಮುರಿದದ್ದು ನನ್ನೊಬ್ಬಳಿಗಾಗಿ. ಅಷ್ಟು ವರ್ಷದಲ್ಲಿ ನಾನು ನಿನಗೆ ಒಂದೇ ಒಂದು ತಪ್ಪು ಅಳತೆ ಕೊಟ್ಟಿರಲಿಲ್ಲ, ಅದು ನಿಜ. ಅದನ್ನು ಹೇಳಿಕೊಳ್ಳುವ ಯೋಗ್ಯತೆ ಈಗ ಇಲ್ಲ.

ರಿಟೈರ್ ಆದ ಮೇಲೆ ನೀನು ಮೊಬೈಲ್‌ನಲ್ಲಿ ಒಂದು ವಿಡಿಯೋ ತೋರಿಸಿದೆ. ಅಲಾಸ್ಕಾದಲ್ಲಿ ಹಿಮದ ಗೋಡೆಯೊಂದು ಕಳಚಿ ಸಮುದ್ರಕ್ಕೆ ಬೀಳುವುದು. ಎಷ್ಟು ಸಲ ತೋರಿಸಿದೆಯೋ! "ಎ.ಸಿ. ಚಳಿ ಸಾಕಾಯ್ತು ಕಣೇ ಲಲಿತಾ. ನಿಜವಾದ ಚಳಿ ಒಂದ್ಸಲ ನೋಡ್ಬೇಕು," ಎಂದೆ. ಹಡಗಿನ ಪ್ರವಾಸದಲ್ಲಿ ಹೋಗಿ ನೋಡುವುದೆಂದಾಯಿತು. ನಮ್ಮ ಮನೆಯವರಿಗೆ ಹಡಗೆಂದರೆ ಆಗದು; ನೀವಿಬ್ಬರೇ ಹೋಗಿ ಬನ್ನಿ, ನಾನು ಮನೆಯಲ್ಲಿ ಹಾಯಾಗಿರುತ್ತೇನೆ ಎಂದುಬಿಟ್ಟರು. ನಿನ್ನ ಚಿಕ್ಕಮ್ಮನ ಮಗಳು ಗಿರಿಜಾ ಮಾತ್ರ ಸಿಕ್ಕಾಗಲೆಲ್ಲ ಕಿಚಾಯಿಸುತ್ತಿದ್ದಳು: "ಲಲಿತಕ್ಕ, ನೀವು ಬರಲ್ಲ ಅಂದ್ರೆ ಹೇಳ್ಬಿಡಿ, ನಾನು ಬ್ಯಾಗ್ ರೆಡಿ ಇಟ್ಕೊಂಡಿದೀನಿ." ನೀನು ನಗುತ್ತಿದ್ದೆ. ನಾನೂ ನಗುತ್ತಿದ್ದೆ, ಆದರೆ ಆ ಮಾತು ನನಗೆ ಚುಚ್ಚುತ್ತಿತ್ತು.

ಯಾಕೆಂದರೆ ಆ ಚಳಿಗಾಲದಲ್ಲೇ ನನಗೆ ಉಬ್ಬಸ ಶುರುವಾಗಿತ್ತು. ನಿನಗೆ ಹೇಳಲಿಲ್ಲ. ಡಾಕ್ಟರು ಕೊಟ್ಟ ಇನ್‌ಹೇಲರನ್ನು ಕನ್ನಡಕದ ಡಬ್ಬಿಯಲ್ಲಿ ಮುಚ್ಚಿಟ್ಟೆ. ನಿನಗೆ ಗೊತ್ತಾದರೆ ಏನಾಗುತ್ತದೆಂದು ಲೆಕ್ಕ ಹಾಕಿದ್ದೆ — ನೀನು ಗಾಬರಿಯಾಗುತ್ತೀಯ, ಲಲಿತಾಗೆ ಈ ಚಳಿ ಆಗಲ್ಲ ಎನ್ನುತ್ತೀಯ, ಒಂದೋ ಪ್ರಯಾಣವನ್ನೇ ಬಿಡುತ್ತೀಯ, ಇಲ್ಲವೇ ಗಿರಿಜಾಳನ್ನು ಕರೆದುಕೊಂಡು ಹೋಗುತ್ತೀಯ. ಮೊದಲನೆಯದಕ್ಕಿಂತ ಎರಡನೆಯದೇ ನನಗೆ ಹೆಚ್ಚು ಸಂಕಟ ಕೊಟ್ಟಿತು. ಅರವತ್ತು ದಾಟಿದ ಹೆಂಗಸು, ಗೆಳತಿಯ ಪಕ್ಕದ ಜಾಗಕ್ಕಾಗಿ ಶಾಲೆ ಹುಡುಗಿಯ ಹಾಗೆ ಹೊಟ್ಟೆಕಿಚ್ಚು ಪಟ್ಟೆ. ಬರೆಯಲೂ ನಾಚಿಕೆಯಾಗುತ್ತದೆ.

ಟಿಕೆಟ್ ವಿಚಾರಿಸಲು ಜಾಲಹಳ್ಳಿ ಕ್ರಾಸಿನ ಆಫೀಸಿಗೆ ನಾನೊಬ್ಬಳೇ ಹೋದೆ. ನಿನ್ನ ಮಂಡಿ ನೋವಿಗೆ ಆ ಮೆಟ್ಟಿಲು ಆಗುತ್ತಿರಲಿಲ್ಲ. ಅಲ್ಲಿನ ಹುಡುಗಿ ಎಲ್ಲವನ್ನೂ ಸರಿಯಾಗಿಯೇ ಹೇಳಿದಳು. ಒಳಗಿನ ಕೋಣೆಗೆ ಕಿಟಕಿ ಇರುವುದಿಲ್ಲ, ಅಗ್ಗ, ಮಲಗಲು ಮಾತ್ರ ಸಾಕೆನ್ನುವವರಿಗೆ ಸರಿ. ಎಷ್ಟೋ ಜನ ಹಗಲೆಲ್ಲ ಮೇಲಿನ ಡೆಕ್ಕಿನಲ್ಲೋ ಊಟದ ಹಾಲಿನಲ್ಲೋ ಇರುತ್ತಾರೆ, ಚಳಿಯಲ್ಲಿ ಬಾಲ್ಕನಿಗೆ ದುಡ್ಡು ಕೊಟ್ಟು ಕಾಲು ಗಂಟೆಯೂ ಕೂರುವುದಿಲ್ಲ, ಅದೂ ನಿಜ ಎಂದಳು. ಆಮೇಲೆ ನಿನ್ನ ವಿಷಯ ಕೇಳಿ, "ಮಂಡಿ ನೋವಿದ್ರೆ ಬಾಲ್ಕನಿನೇ ತಗೊಳ್ಳಿ ಮೇಡಂ. ಕಂಬಳಿ ಕೊಡ್ತಾರೆ. ಹಿಮದ ಹತ್ರ ಹಡಗು ನಿಂತು ನಿಧಾನಕ್ಕೆ ಸುತ್ತ ತಿರುಗುತ್ತೆ, ಕೂತಲ್ಲೇ ಎಲ್ಲಾ ಕಾಣುತ್ತೆ," ಎಂದಳು.

ಕೂತಲ್ಲೇ ಎಲ್ಲಾ ಕಾಣುತ್ತೆ — ಅದೇ ನನಗೆ ಭಯವಾಯಿತು. ಒಂದೇ ಕೋಣೆ ನಮ್ಮಿಬ್ಬರಿಗೆ. ನೀನು ಆ ಬಾಗಿಲು ತೆಗೆದರೆ ಮತ್ತೆ ಮುಚ್ಚುವವಳಲ್ಲ. ಚಳಿಗಾಳಿ ಒಳಗೆ ನುಗ್ಗುತ್ತದೆ, ನನ್ನ ಎದೆ ಸುಯ್ಯೆನ್ನುತ್ತದೆ, ಗುಟ್ಟು ರಟ್ಟಾಗುತ್ತದೆ. ಮೂಗುಬಾಯಿಗೆ ಒಂದು ಮಫ್ಲರ್ ಸುತ್ತಿಕೊಂಡರೆ ಸಾಕು ಎಂದು ಡಾಕ್ಟರೇ ಹೇಳಿದ್ದರು. ಒಂದು ಮಫ್ಲರ್‌ನಲ್ಲಿ ಮುಗಿಯುವ ಕೆಲಸಕ್ಕೆ ನಾನು ಸುಳ್ಳು ಹೇಳಿದೆ.

ಅವತ್ತೇ ಸಂಜೆ ಮಾಕಳಿಗೆ ಬಂದೆ. ನೀನು ಅಕ್ಕಿರೊಟ್ಟಿ ತಟ್ಟುತ್ತಿದ್ದೆ, ಕೈತುಂಬ ಹಿಟ್ಟು. "ಏನಂದ್ಲೇ ಹುಡುಗಿ? ಬಾಲ್ಕನಿ ತಗೊಳ್ಳೋಣ್ವಾ?" ಎಂದೆ. ಎಷ್ಟು ಆಸೆಯಿತ್ತು ಆ ದನಿಯಲ್ಲಿ! ನಾನು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು ಹೇಳಿದೆ: "ಚಳಿ ದೇಶದಲ್ಲಿ ವೇಸ್ಟಂತೆ ಕಣೇ. ಗಾಳಿ ಜಾಸ್ತಿ ಅಂತ ಬಾಗಿಲಿಗೇ ಬೀಗ ಹಾಕ್ಬಿಡ್ತಾರಂತೆ."

ನೀನು ರೊಟ್ಟಿ ಮಗುಚಿ, "ನೀನು ಕೇಳ್ಕೊಂಡು ಬಂದಿದ್ದೀಯಲ್ಲ, ಬಿಡು. ಒಳಗಡೆದೇ ಇರ್ಲಿ," ಎಂದೆ. ಬುಕಿಂಗ್ ಫಾರಂ ಕೊಟ್ಟಾಗ ಹಿಟ್ಟಿನ ಕೈ ಒರೆಸಿಕೊಂಡು ಸಹಿ ಹಾಕಿದೆ. ಆ ಆಫೀಸಿನ ಫೋನ್ ನಂಬರ್ ಫಾರಂ ಮೇಲೆಯೇ ಅಚ್ಚಾಗಿತ್ತು. ಬೇರೆ ಯಾರೇ ಹೇಳಿದ್ದರೂ ನೀನು ಫೋನ್ ಮಾಡಿ ಖಚಿತ ಮಾಡಿಕೊಳ್ಳುತ್ತಿದ್ದೆ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ.

ಹಡಗಿನಲ್ಲಿ ನಮ್ಮ ಕೋಣೆಯ ಬಾಗಿಲು ತೆಗೆದು ದೀಪ ಹಾಕಿದ ಕೂಡಲೇ ನೀನು ಗೊಳ್ಳೆಂದು ನಕ್ಕೆ. "ಅಯ್ಯೋ, ಇದು ನಮ್ ಅಳತೆ ರೂಮೇ ಕಣೇ! ಇಷ್ಟು ದೂರ ಬಂದ್ರೂ ಬಿಡ್ಲಿಲ್ಲ ನಮ್ಮನ್ನ." ಕಿಟಕಿ ಇಲ್ಲ, ಬಿಳಿ ದೀಪ, ಎ.ಸಿ. ಸದ್ದು. ನಾನೂ ನಕ್ಕೆ. ಬೆಳಗಾಗಿದೆಯೋ ಇಲ್ಲವೋ ತಿಳಿಯಲು ನೀನು ಮೊಬೈಲ್ ನೋಡುತ್ತಿದ್ದೆ, ಆಮೇಲೆ ಕಾರಿಡಾರಿಗೆ ಇಣುಕುತ್ತಿದ್ದೆ, ನೆಲ ಒದ್ದೆಯಾಗಿದೆಯೇ ಎಂದು ನೋಡುವವಳ ಹಾಗೆ.

ಹಿಮದ ಗೋಡೆ ಬರುವ ದಿನ ಬೆಳಗ್ಗೆ ಹತ್ತರ ಹೊತ್ತಿಗೆ, ಹತ್ತಿರ ಬಂದೆವು ಎಂದು ಮೈಕಿನಲ್ಲಿ ಹೇಳಿದರು. ನೀನಾಗಲೇ ಕಾರ್ಖಾನೆಯ ಆ ಹಳೇ ಕಂದು ಸ್ವೆಟರ್ ಹಾಕಿಕೊಂಡು ತಯಾರಾಗಿದ್ದೆ. ಲಿಫ್ಟಿನ ಮುಂದೆ ಜನವೋ ಜನ. ನಾನು, "ಸ್ವಲ್ಪ ಕಮ್ಮಿ ಆಗ್ಲಿ ತಡಿ," ಎಂದೆ. ಜನ ಕಡಿಮೆಯಾಗಲೆಂದಲ್ಲ — ಮೇಲಿನ ಗಾಳಿಗೆ ಹೋಗಲು ಹೆದರಿ. ನೀನು ನನ್ನನ್ನು ಬಿಟ್ಟು ಹೋಗಬಹುದಿತ್ತು. ಹೋಗಲಿಲ್ಲ, ನೋಯುವ ಕಾಲಿನಲ್ಲಿ ನನ್ನ ಪಕ್ಕದಲ್ಲೇ ನಿಂತೆ.

ನಾವು ಮೇಲೆ ಹೋಗುವಷ್ಟರಲ್ಲಿ ಡೆಕ್ಕಿನ ಕಂಬಿಯ ಉದ್ದಕ್ಕೂ ಎತ್ತರದ ಜನ, ದಪ್ಪ ಕೋಟುಗಳ ಬೆನ್ನು. ನೀನು ತುದಿಗಾಲಲ್ಲಿ ನಿಂತೆ, ಮಂಡಿ ಹಿಡಿದುಕೊಂಡು ಮತ್ತೆ ಇಳಿದೆ. ಆಗ ಗುಡುಗಿದ ಹಾಗೆ ಸದ್ದಾಯಿತು. ಎಲ್ಲರೂ ಹೋ ಎಂದು ಕೂಗಿದರು. ಮುಂದಿದ್ದವನೊಬ್ಬ ಎರಡೂ ಕೈಯೆತ್ತಿ ಮೊಬೈಲ್ ಹಿಡಿದಿದ್ದ, ಅದರ ಪರದೆಯಲ್ಲಿ ಒಂದು ಬಿಳಿ ಚೂರು ಉರುಳಿದ್ದು ಕಂಡಿತು. ನೀನು ನನ್ನ ಕಡೆ ತಿರುಗಿ ಹೇಳಿದೆ: "ಅವನ ಮೊಬೈಲ್‌ನಲ್ಲಿ ಚೆನ್ನಾಗಿ ಕಾಣ್ತು ಕಣೇ."

ಮಾಕಳಿಯಲ್ಲಿ ಮೊಬೈಲ್‌ನಲ್ಲಿ ನೋಡಿದ್ದನ್ನು ಅಲ್ಲಿಯೂ ಮೊಬೈಲ್‌ನಲ್ಲೇ ನೋಡಿದೆ, ವಿಮಲಾ. ಹಾಗೆ ಮಾಡಿದವಳು ನಾನು.

ಇನ್ನೂ ಇದೆ. ಕೆಳಗೆ ಬಂದಾಗ ನಮ್ಮೆದುರಿನ ಕೋಣೆಯ ಬಾಗಿಲು ತೆರೆದಿತ್ತು. ಕೊಯಮತ್ತೂರಿನ ಆ ವಯಸ್ಸಾದ ದಂಪತಿ. ಅವರ ಕೋಣೆಯಾಚೆ ಬಾಲ್ಕನಿಯ ಗಾಜಿನ ಬಾಗಿಲು ಅಗಲವಾಗಿ ತೆರೆದುಕೊಂಡಿತ್ತು — ಎರಡು ಕುರ್ಚಿ, ಒಂದರ ಮೇಲೆ ಮಡಿಸದೆ ಬಿಟ್ಟ ಕೆಂಪು ಕಂಬಳಿ, ಅದರಾಚೆ ನೀರಿನಲ್ಲಿ ತೇಲುವ ನೀಲಿ ಹಿಮ. ತಣ್ಣನೆಯ ಗಾಳಿ ನಮ್ಮ ಮುಖಕ್ಕೆ ಬಡಿಯಿತು. ನೀನು ನಿಂತುಬಿಟ್ಟೆ.

"ಬಾಗಿಲು ತೆಗ್ದಿದೆಯಲ್ಲೇ," ಎಂದೆ.

"ಸ್ಪೆಷಲ್ ಪರ್ಮಿಷನ್ ತಗೊಂಡಿರ್ತಾರೆ," ಎಂದೆ ನಾನು.

ನೀನು ನನ್ನ ಮುಖವನ್ನು ಮೀಟರಿನ ಮುಳ್ಳು ನಿಲ್ಲಲೆಂದು ಕಾಯುವಾಗ ನೋಡುವ ಹಾಗೆ ನೋಡಿದೆ. ಆಮೇಲೆ, "ಹೂಂ, ಇರ್ಬೇಕು," ಎಂದೆ. ಆ ಅಜ್ಜಿ ಒಳಗೆ ಬನ್ನಿ, ನೋಡಿ ಎಂದು ಕೈಬೀಸಿ ಕರೆದರು. ನೀನು ಒಂದು ಹೆಜ್ಜೆ ಇಟ್ಟೂ ಆಗಿತ್ತು. ನಾನು, "ಅವ್ರಿಗ್ಯಾಕೆ ತೊಂದ್ರೆ," ಎಂದು ನಿನ್ನ ಮೊಣಕೈ ಹಿಡಿದು ಎಳೆದುಕೊಂಡು ಬಂದೆ. ಒಳಗೆ ಹೋಗಿದ್ದರೆ ಅವರು ಒಂದೇ ಮಾತಿನಲ್ಲಿ ನಿಜ ಹೇಳಿಬಿಡುತ್ತಿದ್ದರು. ಬೀಗದ ಸುಳ್ಳಿಗಿಂತ ನನ್ನ ಕೈ ಮಾಡಿದ ಆ ಕೆಲಸ ಹೆಚ್ಚು ನೆನಪಾಗುತ್ತದೆ. ನಿನ್ನ ಸ್ವೆಟರಿನ ಉಣ್ಣೆ ಈಗಲೂ ಬೆರಳಿಗೆ ತಾಗಿದಂತಾಗುತ್ತದೆ.

ನಿನಗೆ ಆಗಲೇ ತಿಳಿದಿತ್ತೋ — ತಿಳಿದೂ ನನ್ನ ಮಾನ ಉಳಿಸಲು ಹೂಂ ಎಂದೆಯೋ — ಎಷ್ಟೋ ಸಲ ಯೋಚಿಸಿದ್ದೇನೆ. ತಿಳಿದಿತ್ತು ಎಂದುಕೊಂಡರೆ ನನಗೆ ಸ್ವಲ್ಪ ಹಗುರವಾಗುತ್ತದೆ. ಅದಕ್ಕೇ ಆ ಯೋಚನೆಯನ್ನೂ ನಾನು ನಂಬುವುದಿಲ್ಲ.

ಈಗ ನಿನ್ನೆಯ ಫೋನ್. ಗಿರಿಜಾ, ಅವಳ ಗಂಡ ಇಬ್ಬರೂ ಅದೇ ಪ್ರಯಾಣಕ್ಕೆ ಹೊರಟಿದ್ದಾರೆ ಎಂದು ನೀನು ಹೇಳಿದೆ. "ಬಾಲ್ಕನಿ ತಗೋಬೇಡ, ಬೀಗ ಹಾಕಿರ್ತಾರೆ ಅಂತ ಹೇಳಿದೀನಿ. ನೀನೂ ಒಂದ್ಸಲ ಹೇಳ್ಬಿಡೇ, ಸೆಕೆಂಡ್ ರೀಡಿಂಗ್ ಆದಂಗಾಗುತ್ತೆ," ಎಂದು ನಕ್ಕೆ. ನನ್ನ ಸುಳ್ಳು ಈಗ ನಿನ್ನ ಬಾಯಲ್ಲಿ, ನಿನ್ನ ಸಹಿಯೊಂದಿಗೆ, ಇನ್ನೊಬ್ಬರ ಮನೆಗೆ ಹೋಗುತ್ತಿದೆ. ಜೀವಮಾನದಲ್ಲಿ ತಪ್ಪು ರಿಪೋರ್ಟ್ ಕೊಡದವಳು ನೀನು. ನಿನ್ನಿಂದ ಅದನ್ನೂ ಮಾಡಿಸಿಬಿಟ್ಟೆ.

ಇವತ್ತು ಬೆಳಗ್ಗೆ ಗಿರಿಜಾಗೆ ಫೋನ್ ಮಾಡಿ, ಬಾಗಿಲು ತೆಗೆಯುತ್ತದೆ, ಬಾಲ್ಕನಿಯನ್ನೇ ತಗೋ ಎಂದೆ. "ಮತ್ತೆ ವಿಮಲಕ್ಕ ಬೀಗ ಅಂದ್ರು?" ಎಂದಳು. "ಅವಳಿಗೆ ಹಾಗೆ ಸುಳ್ಳು ಹೇಳಿದ್ದು ನಾನು," ಎಂದೆ. "ಅಕ್ಕಂಗೆ ಗೊತ್ತಾ?" ಎಂದು ಕೇಳಿದಳು. ಇಲ್ಲ ಎಂದೆ. ಅವಳು ಬೈಯಲೂ ಇಲ್ಲ, ಫೋನ್ ಇಟ್ಟಳು. ಯಾರ ಮೇಲೆ ಹೊಟ್ಟೆಕಿಚ್ಚು ಪಟ್ಟು ಇದನ್ನೆಲ್ಲ ಮಾಡಿದೆನೋ, ನಿನಗಿಂತ ಮೊದಲು ನಿಜ ತಿಳಿದದ್ದು ಅವಳಿಗೇ. ಅದೂ ನಾನು ತಡ ಮಾಡಿದ್ದರ ಫಲ.

ಇದನ್ನು ಅಂಚೆಗೆ ಹಾಕುವುದಿಲ್ಲ. ಈಗಲೇ ಮಾಕಳಿಯ ಬಸ್ಸು ಹಿಡಿದು ಬರುತ್ತೇನೆ, ಕನ್ನಡಕದ ಡಬ್ಬಿಯನ್ನೂ ತರುತ್ತೇನೆ, ನಿನ್ನ ಎದುರೇ ತೆರೆದಿಡುತ್ತೇನೆ. ನೀನು ಓದುವಾಗ ನಾನು ಎದ್ದು ಅಡುಗೆಮನೆಗೆ ಹೋಗುವುದಿಲ್ಲ, ಸಕ್ಕರೆಯ ಮಾತು ಎತ್ತುವುದಿಲ್ಲ. ಬಾಗಿಲ ಕಡೆ ಕೈ ತೋರಿಸಿದರೆ ಹೋಗುತ್ತೇನೆ. ನಿನಗೆ ಆ ಹಿಮವನ್ನು ಮತ್ತೆ ತೋರಿಸುವ ಶಕ್ತಿ ನನಗಿಲ್ಲ, ನಿನ್ನ ಮಂಡಿಗೂ ಇನ್ನೊಂದು ಸಲ ಆಗದು.

ಕೆಳಗೆ ನನ್ನ ಸಹಿ ಹಾಕಿದ್ದೇನೆ. ಪಕ್ಕದ ಜಾಗ ಖಾಲಿ ಇದೆ. ನಾನು ಹೇಳಿದೆ ಎಂದು ಇದನ್ನು ನಂಬಬೇಡ, ವಿಮಲಾ. ಆ ಹುಡುಗಿಗೆ ಫೋನ್ ಮಾಡಿ ಕೇಳು, ನಂಬರ್ ಬರೆದು ತಂದಿದ್ದೇನೆ. ನೀನೇ ಮತ್ತೆ ಅಳೆದು ನೋಡು.

ಲಲಿತಾ